ಅವರೆಕಾಳು ಹಿತುಕುತ್ತಾ ಶುರುವಾದ ಮಾತು

ಕೋಲಾರದ ಒಂದು ಪದವಿ ಕಾಲೇಜಿನಲ್ಲಿ ನಾನು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನೋಡಿಕೊಳ್ಳುತ್ತೇನೆ. ಮೊದಲ ಸಲ ವೃದ್ಧಾಶ್ರಮಕ್ಕೆ 40 ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹಣ್ಣು ಹಂಚಿದೆವು, ಫೋಟೋ ತೆಗೆಸಿಕೊಂಡೆವು. ಹೊರಡುವಾಗ ಒಬ್ಬ ಅಜ್ಜಿ ಕೈ ಹಿಡಿದು, "ಎರಡು ನಿಮಿಷ ಕೂತ್ಕೊಂಡು ಹೋಗಮ್ಮ" ಅಂದರು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಕೂರಲಿಲ್ಲ. ಅದು ಇವತ್ತಿಗೂ ಮನಸ್ಸಲ್ಲಿ ಕೊರೆಯುತ್ತದೆ.

ಆಮೇಲೆ ಆರೇ ಮಕ್ಕಳನ್ನು ಆರಿಸಿದೆ. ಅದೇ ಆರು ಜನ, ಪ್ರತಿ ಶನಿವಾರ, ನಾಲ್ಕು ಗಂಟೆಗೆ. ಹಿರಿಯರು ಮಲಗಿ ಎದ್ದು ಕಾಫಿ ಕುಡಿಯುವ ಹೊತ್ತು ಅದು. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು. ಮಕ್ಕಳು ಬಂದದ್ದು ಆ ಗಂಟೆಗಳಿಗೇ. ಅದರಲ್ಲಿ ತಪ್ಪೇನೂ ಇಲ್ಲ, ಅಲ್ವಾ?

ಆದರೆ ಮಾತೇ ಹೊರಡುತ್ತಿರಲಿಲ್ಲ. "ಊಟ ಆಯ್ತಾ ಅಜ್ಜಿ?" ಆದಮೇಲೆ ಎಲ್ಲರೂ ಸುಮ್ನೆ ಕೂರುತ್ತಿದ್ದರು. ಹಿರಿಯರ ಸ್ವಂತ ಮಕ್ಕಳ ವಿಷಯ ಮಾತ್ರ ನೀವಾಗಿ ಕೇಳಬೇಡಿ ಎಂದು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿದ್ದೆ.

ಡಿಸೆಂಬರ್ ಬಂತು, ಅವರೆಕಾಯಿ ಕಾಲ. ಅಡುಗೆಯವರು ನೆನೆಹಾಕಿದ್ದ ಕಾಳಿನ ಪಾತ್ರೆ ತಂದು ಮಧ್ಯೆ ಇಟ್ಟೆವು. ನಮ್ಮ ಹುಡುಗನೊಬ್ಬ ಉಗುರಲ್ಲಿ ಸಿಪ್ಪೆ ಕೀಳತೊಡಗಿದ. ಪಕ್ಕದ ಅಜ್ಜಿ ಅವನ ಬೆರಳು ಹಿಡಿದು, "ಉಗುರು ಬೇಡ ಕಂದ, ಹಿಂದಿನಿಂದ ಮೆಲ್ಲಗೆ ಒತ್ತು" ಅಂದರು. ಬೇಳೆ ಪುಳಕ್ಕನೆ ಜಾರಿ ಬಟ್ಟಲಿಗೆ ಬಿತ್ತು. ಕೈಗೆಲ್ಲ ಸೊಗಡು. ಆಮೇಲೆ ಮಾತು ನಿಲ್ಲಲೇ ಇಲ್ಲ. ಹಿತಕಿದ ಬೇಳೆ ಸಾರಿಗೆ ಏನೇನು ರುಬ್ಬಬೇಕು, ಅವರ ಹೊಲದಲ್ಲಿ ರಾಗಿ ಸಾಲಿನ ನಡುವೆ ಅವರೆ ಹೇಗೆ ಹಾಕುತ್ತಿದ್ದರು, ಎಲ್ಲ ಬಂತು. ಅರ್ಧ ಕನ್ನಡ, ಅರ್ಧ ತೆಲುಗು. ಕೈಗೆ ಕೆಲಸವಿದ್ದರೆ ಮುಖ ನೋಡಿ ಮಾತಾಡುವ ಸಂಕೋಚ ಇರುವುದಿಲ್ಲ. ಕಲಿಸುವವರು ಅವರು, ಕಲಿಯುವವರು ನಾವು ಅನ್ನುವುದು ಅವತ್ತೇ ಗಟ್ಟಿಯಾಯಿತು.

ಒಂದು ದೊಡ್ಡ ತಪ್ಪೂ ಮಾಡಿದೆ. ಸೆಮಿಸ್ಟರ್ ಪರೀಕ್ಷೆ ಬಂದಾಗ ಮೂರು ಶನಿವಾರ ಹೋಗಲಿಲ್ಲ, ಹೇಳಲೂ ಇಲ್ಲ. ಮತ್ತೆ ಹೋದಾಗ ಅಡುಗೆಯವರು ಹೇಳಿದರು: ಒಬ್ಬ ತಾತ ಮೂರು ವಾರವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ಕೂತಿದ್ದರಂತೆ. ತಾತ ಇಷ್ಟೇ ಅಂದರು, "ಪರೀಕ್ಷೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಮ್ಮ."

ಈಗ ನಾವು ಬರದ ಶನಿವಾರಗಳನ್ನು ಆಶ್ರಮದ ಕ್ಯಾಲೆಂಡರಿನಲ್ಲಿ ಮೊದಲೇ ಕೆಂಪು ಪೆನ್ನಿನಲ್ಲಿ ಸುತ್ತಿ ಬರುತ್ತೇವೆ. ಪರೀಕ್ಷೆಯ ಟೈಮ್‌ಟೇಬಲ್ಲಿನ ಒಂದು ಪ್ರತಿ ತಾತನ ಜೇಬಿನಲ್ಲೇ ಇರುತ್ತದೆ. ಯಾರಿಗೆ ಯಾವತ್ತು ಯಾವ ಪೇಪರ್ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.