ಹಳೇ ಕಾರಿಗೆ ಹೊರದೇಶದಿಂದ ಟೈರ್ ತರಿಸುವ ಮುಂಚೆ

1930-31ರ ಫೋರ್ಡ್ ಮಾಡೆಲ್ ಎ ಇಟ್ಟುಕೊಂಡವರಿಗೆ ಗೊತ್ತು, ಅದರ 4.75-19 ಅಳತೆಯ ಟೈರ್ ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಮೆರಿಕದ ಕೋಕರ್, ಬ್ರಿಟನ್ನಿನ ಲಾಂಗ್‌ಸ್ಟೋನ್‌ನಂಥ ಟೈರ್ ಕಂಪನಿಗಳಿಂದ ತರಿಸಬೇಕು.

ದುಡ್ಡು ಕಳಿಸುವ ಮೊದಲು ಟೈರಿನ ಪಕ್ಕದ ಗೋಡೆಯ ಮೇಲೆ DOT ಅಕ್ಷರಗಳ ಜೊತೆಗಿರುವ ಡಾಟ್ ಸಂಖ್ಯೆಯ ಫೋಟೋ ಕೇಳಿ. ಕೊನೆಯ ನಾಲ್ಕು ಅಂಕಿ 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು, ಮುಟ್ಟಲೇಬೇಡಿ. ನಾನು ಒಮ್ಮೆ ಕೇಳದೆ ತರಿಸಿದೆ. ನೋಡಲು ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಟೈರಿನ ಮೇಲಿನ ಉಬ್ಬು ಪಟ್ಟಿಗಳ ನಡುವೆ ಕೂದಲೆಳೆಯಂಥ ಬಿರುಕುಗಳು! ಓಡಿಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ, ಅಲ್ವಾ?

ಇನ್ನೊಂದು ಮಾತು. 2020ರ ಜೂನ್‌ನಲ್ಲಿ ಹೊಸ ಕಾರ್ ಟೈರ್‌ಗಳ ಆಮದನ್ನು ನಮ್ಮ ಸರ್ಕಾರ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಂದರೆ ತರಿಸಲು ಲೈಸೆನ್ಸ್ ಬೇಕು. ಆರ್ಡರ್ ಕೊಡುವ ಮೊದಲೇ ಕಸ್ಟಮ್ಸ್ ಏಜೆಂಟ್ ಹತ್ತಿರ ಈಗಿನ ನಿಯಮ ಕೇಳಿಕೊಳ್ಳಿ. ಇಲ್ಲದಿದ್ದರೆ ಟೈರ್ ಬಂದರಿನಲ್ಲೇ ಕೂತಿರುತ್ತದೆ, ಬಾಡಿಗೆ ಸುಮ್ನೆ ಏರುತ್ತದೆ.

ಟ್ಯೂಬ್, ಫ್ಲಾಪ್ (ಟ್ಯೂಬಿಗೂ ಚಕ್ರದ ರಿಮ್ಮಿಗೂ ನಡುವೆ ಹಾಕುವ ರಬ್ಬರ್ ಪಟ್ಟಿ) ಕೂಡ ಟೈರ್ ಜೊತೆಗೇ ತರಿಸಿ. ಆಮೇಲೆ ಬೇರೆಯಾಗಿ ತರಿಸಿದರೆ ಸಾಗಾಟಕ್ಕೇ ಜಾಸ್ತಿ ಹೋಗುತ್ತದೆ.