ಓದೋಕೆ ಗಮನ, ರಾತ್ರಿಗೆ ನಿದ್ದೆ: ಮಾತ್ರೆಗಿಂತ ಮೊದಲು ಚಹಾ ನೋಡಿ

ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವವರೇ, ಮೊದಲು ಚಹಾದ ಹೊತ್ತು ಸರಿ ಮಾಡಿಕೊಳ್ಳಿ. ಚಹಾದಲ್ಲಿರುವ, ನಿದ್ದೆ ಓಡಿಸುವ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 5 ಗಂಟೆ ಬೇಕು, ಅಂದರೆ ಸಂಜೆ 6ಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಕುಡಿದ ಖಡಕ್ ಚಹಾ ರಾತ್ರಿ 11ಕ್ಕೆ ನೀವು ಲೈಟ್ ಆರಿಸಿ ಮಲಗಿದಾಗಲೂ ಅರ್ಧ ಒಳಗೇ ಇರುತ್ತೆ. ಮಧ್ಯಾಹ್ನ 2ರ ನಂತರ ಬೇಡ.

ಆದರೂ ನಿದ್ದೆ ಹತ್ತದಿದ್ದರೆ ಮೆಲಟೋನಿನ್ (ನಿದ್ದೆಯ ಹಾರ್ಮೋನ್) ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ. 10 ಮಿಲಿಗ್ರಾಂ ಸುಮ್ನೆ ಜಾಸ್ತಿ, ಅರ್ಧ ಅಥವಾ 1 ಮಿಲಿಗ್ರಾಂನಿಂದ ಶುರು ಮಾಡೋದು ಒಳ್ಳೇದು, ಮಲಗೋಕೆ ಒಂದೆರಡು ಗಂಟೆ ಮುಂಚೆ.

ರೂಮ್‌ಮೇಟ್ ಕೊಟ್ಟ ಆಲ್‌ಪ್ರಜೋಲಾಮ್ (ಆತಂಕ ತಗ್ಗಿಸಿ ಮಂಪರು ಬರಿಸುವ ಮಾತ್ರೆ) ಮುಟ್ಟಲೇಬೇಡಿ, ಚಟ ಹಿಡಿಸುತ್ತೆ. ಎಚ್ಚರವಾಗಿ ಓದೋಕೆ ಅಂತ ತಗೊಳ್ಳೋ ಮೊಡಾಫಿನಿಲ್ ಕೂಡ ಡಾಕ್ಟರ್ ಚೀಟಿ ಇಲ್ಲದೆ ಬೇಡ: ಅದು ನಿದ್ದೆಯ ಕಾಯಿಲೆಗೆ ಕೊಡುವ ಔಷಧಿ, ಬೆಳಿಗ್ಗೆ ತಗೊಂಡರೂ ರಾತ್ರಿವರೆಗೆ ಮೈಯಲ್ಲಿ ಉಳಿಯುತ್ತೆ.