ಒಂದು ಆ್ಯಪ್, ಹಲವು ಸ್ಪ್ಯಾನಿಷ್: ನನ್ನ ಅನುಭವ

ಸಾಫ್ಟ್‌ವೇರ್‌ಗಳನ್ನು ಸ್ಪ್ಯಾನಿಷ್‌ಗೆ ತರುವುದು ನನ್ನ ಕೆಲಸ. 'ಒಂದು ಸ್ಪ್ಯಾನಿಷ್ ಫೈಲ್ ಕೊಡಿ, ಸಾಕು' ಅಂತಲೇ ಹೆಚ್ಚಿನವರು ಕೇಳುತ್ತಾರೆ. ಫೈಲ್ ಅಂದರೆ ಪರದೆಯಲ್ಲಿ ಕಾಣುವ ಸಾಲುಗಳ ಅನುವಾದ. ಆದರೆ ಕಂಪ್ಯೂಟರ್‌ಗೇ ಮೂರು ಹೆಸರಿವೆ. ಸ್ಪೇನ್‌ನಲ್ಲಿ 'ಓರ್ದೆನಾದೋರ್'. ಮೆಕ್ಸಿಕೊ, ಅರ್ಜೆಂಟೀನಾ, ಪೆರುವಿನಲ್ಲಿ 'ಕೊಂಪುತಾದೋರಾ'. ಚಿಲಿ, ಕೊಲಂಬಿಯಾದಲ್ಲಿ 'ಕೊಂಪುತಾದೋರ್'. ಸ್ಪೇನ್‌ನವರ ಪದ ಫ್ರೆಂಚ್‌ನಿಂದ ಬಂದಿದ್ದು. 1955ರಲ್ಲಿ ಐಬಿಎಂನ ಫ್ರಾನ್ಸ್ ಶಾಖೆ ಹೊಸ ಯಂತ್ರಕ್ಕೆ ಹೆಸರು ಹುಡುಕುತ್ತಿದ್ದಾಗ ಝಾಕ್ ಪೆರೆ ಎಂಬ ಪ್ರಾಧ್ಯಾಪಕರು ಸೂಚಿಸಿದ ಪದ ಅದರ ಮೂಲ. ಅಟ್ಲಾಂಟಿಕ್‌ನ ಆಚೆ ಬದಿಯವರು ಇಂಗ್ಲಿಷ್ ಪದವನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು.

'ಪದ ಬದಲಿಸಿದರೆ ಮುಗೀತಲ್ವಾ?' ಅಂತ ಡೆವಲಪರ್‌ಗಳು ಕೇಳುತ್ತಾರೆ. ಮುಗಿಯುವುದಿಲ್ಲ. ಕನ್ನಡದಲ್ಲಿ ಯಂತ್ರ ಯಾವುದಿದ್ದರೂ 'ಅದು'. ಸ್ಪ್ಯಾನಿಷ್‌ನಲ್ಲಿ ಯಂತ್ರಕ್ಕೂ ಲಿಂಗವಿದೆ: 'ಓರ್ದೆನಾದೋರ್' ಪುಲ್ಲಿಂಗ, 'ಕೊಂಪುತಾದೋರಾ' ಸ್ತ್ರೀಲಿಂಗ. ಕಂಪ್ಯೂಟರ್ ಕನೆಕ್ಟ್ ಆಗಿದೆ ಅನ್ನಲು ಸ್ಪೇನ್‌ನಲ್ಲಿ 'ಎಲ್ ಓರ್ದೆನಾದೋರ್ ಎಸ್ತಾ ಕೊನೆಕ್ತಾದೊ'. ಮೆಕ್ಸಿಕೊದಲ್ಲಿ 'ಲಾ ಕೊಂಪುತಾದೋರಾ ಎಸ್ತಾ ಕೊನೆಕ್ತಾದಾ'. ನಾಲ್ಕರಲ್ಲಿ ಮೂರು ಪದ ಬದಲಾದವು, ನೋಡಿ. ಹಾಗಾಗಿ ವಾಕ್ಯದ ಮಧ್ಯೆ ಖಾಲಿ ಜಾಗ ಬಿಟ್ಟು ಕೋಡ್ ಅಲ್ಲಿ ಹೆಸರು ತುಂಬುವುದಕ್ಕೆ ನಾನು ಒಪ್ಪುವುದೇ ಇಲ್ಲ. ಪೂರ್ತಿ ವಾಕ್ಯವನ್ನೇ ಬರೆದು ಕೊಡುತ್ತೇನೆ.

ಆದಷ್ಟು ಕಡೆ ಎಲ್ಲರಿಗೂ ಸಲ್ಲುವ ಪದ ಹುಡುಕುತ್ತೇನೆ. ಕಂಪ್ಯೂಟರ್‌ಗೆ 'ಎಕೀಪೊ' ಅಂದರೆ ಎಲ್ಲ ದೇಶದಲ್ಲೂ ನಡೆಯುತ್ತದೆ. ಮೊಬೈಲ್‌ಗೆ ಸ್ಪೇನ್‌ನವರು 'ಮೋವಿಲ್' ಅಂತಾರೆ, ಲ್ಯಾಟಿನ್ ಅಮೆರಿಕದವರು 'ಸೆಲುಲಾರ್' ಅಂತಾರೆ. ಸುಮ್ನೆ 'ತೆಲೆಫೊನೊ' ಅಂತ ಬರೆದರೆ ಇಬ್ಬರಿಗೂ ಸರಿ. ಆದರೆ 'ಎಕೀಪೊ' ಅಂದರೆ ತಂಡ ಅಂತಲೂ ಅರ್ಥ. ಆಫೀಸ್ ಕೆಲಸದ ಆ್ಯಪ್‌ನಲ್ಲಿ 'ನಿಮ್ಮ ಎಕೀಪೊ ತೆಗೆದುಹಾಕಿ' ಅಂತ ಬಟನ್ ಕಂಡರೆ, ಹೋಗುವುದು ಕಂಪ್ಯೂಟರೋ ಜೊತೆಗಾರರೋ? ಅಂಥ ಕಡೆ ನಾನು ರಾಜಿಯಾಗುವುದಿಲ್ಲ, ಆಯಾ ದೇಶದ ಪದವನ್ನೇ ಹಾಕುತ್ತೇನೆ. ಸಹಾಯದ ಪುಟಗಳಲ್ಲೂ ಅಷ್ಟೇ. ಎಲ್ಲರಿಗೂ ಸಲ್ಲುವ ಪದಗಳೇ ತುಂಬಿದ ಪುಟ ಯಾರ ಮನೆಯ ಮಾತಿನಂತೆಯೂ ಕೇಳುವುದಿಲ್ಲ.

ಫೈಲ್‌ಗಳನ್ನು ಹೀಗೆ ಜೋಡಿಸುತ್ತೇನೆ. ಸ್ಪೇನ್‌ಗೆ ಒಂದು, ಲ್ಯಾಟಿನ್ ಅಮೆರಿಕಕ್ಕೆ 'ಇಎಸ್-419' ಅನ್ನುವ ಇನ್ನೊಂದು. 'ಇಎಸ್' ಅಂದರೆ ಸ್ಪ್ಯಾನಿಷ್, 419 ಅನ್ನುವುದು ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್‌ಗೆ ವಿಶ್ವಸಂಸ್ಥೆ ಕೊಟ್ಟ ಸಂಖ್ಯೆ. ಮೆಕ್ಸಿಕೊ, ಅರ್ಜೆಂಟೀನಾ, ಚಿಲಿಯ ಫೈಲ್‌ಗಳಲ್ಲಿ ಬೇರೆಯಾಗಲೇಬೇಕಾದ ಸಾಲುಗಳು ಮಾತ್ರ ಇರುತ್ತವೆ. ಉಳಿದದ್ದು 419ರಿಂದ ಬರುತ್ತದೆ. ಲ್ಯಾಪ್‌ಟಾಪ್ ಅಂಥದ್ದೊಂದು ಸಾಲು. ಮೆಕ್ಸಿಕೊದಲ್ಲಿ ಅದು ಲ್ಯಾಪ್‌ಟಾಪೇ, ಅರ್ಜೆಂಟೀನಾದಲ್ಲಿ 'ನೋಟ್‌ಬುಕ್'. ಸ್ಪೇನ್‌ನಲ್ಲಂತೂ 'ಪೋರ್ತಾತಿಲ್'.

ಅರ್ಜೆಂಟೀನಾದ ಫೈಲ್ ಯಾವಾಗಲೂ ಸ್ವಲ್ಪ ದಪ್ಪ. ಅಲ್ಲಿ 'ನೀನು' ಅನ್ನಲು 'ತೂ' ಬದಲು 'ವೋಸ್' ಬಳಸುತ್ತಾರೆ, ಕ್ರಿಯಾಪದವೂ ಬದಲಾಗುತ್ತದೆ. ಬಟನ್‌ಗಳಲ್ಲಿ 'ಗ್ವಾರ್ದಾರ್', ಅಂದರೆ 'ಉಳಿಸುವುದು', ಅಂತ ಕ್ರಿಯಾಪದದ ಮೂಲರೂಪ ಹಾಕಿ ತಪ್ಪಿಸಿಕೊಳ್ಳಬಹುದು. ಉದ್ದ ಸೂಚನೆಗಳಲ್ಲಿ ಆಗುವುದಿಲ್ಲ. ಅಂಕಿಗಳ ಕಡೆಗೂ ಕಣ್ಣಿಡಬೇಕು. 1.500 ಅಂದರೆ ಅರ್ಜೆಂಟೀನಾದವರಿಗೆ ಸಾವಿರದ ಐನೂರು, ಮೆಕ್ಸಿಕೊದವರಿಗೆ ಒಂದೂವರೆ. ಬೆಲೆ ತೋರಿಸುವ ಪರದೆಯನ್ನು ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದಕ್ಕೇ.

ಕೀಬೋರ್ಡೂ ಒಂದೇ ಅಲ್ಲ. ಇಮೇಲ್ ವಿಳಾಸದ 'ಅಟ್' ಚಿಹ್ನೆ ಸ್ಪೇನ್‌ನ ಕೀಬೋರ್ಡ್‌ನಲ್ಲಿ 2ರ ಮೇಲಿದೆ, ಲ್ಯಾಟಿನ್ ಅಮೆರಿಕದ್ದರಲ್ಲಿ ಕ್ಯೂ ಮೇಲಿದೆ. ಎರಡರಲ್ಲೂ ಸ್ಪೇಸ್‌ಬಾರ್‌ನ ಬಲಗಡೆಯ ಆಲ್ಟ್‌ಜಿಆರ್ ಕೀ ಒತ್ತಿಕೊಂಡೇ ಟೈಪ್ ಮಾಡಬೇಕು. ಲಾಗಿನ್ ಬಗ್ಗೆ ಬರೆಯುವಾಗ ಎರಡೂ ಚಿತ್ರ ಹಾಕಿಸುತ್ತೇನೆ. ವಿಡಿಯೊಗೆ ಧ್ವನಿ ಕೊಡುವಾಗಲೂ ಬೇರೆ ಬೇರೆ ಕಲಾವಿದರನ್ನು ಕೇಳುತ್ತೇನೆ. ವೈಫೈ ಅನ್ನು ಸ್ಪೇನ್‌ನಲ್ಲಿ 'ವೀಫಿ' ಅಂತ ಓದುತ್ತಾರೆ, ಮೆಕ್ಸಿಕೊದಲ್ಲಿ ನಮ್ಮ ಹಾಗೇ 'ವೈಫೈ'.